ಹಳೆಯ ಸೋಲ್ ಸಂಗೀತದ (ಅಮೆರಿಕದ ಕಪ್ಪುಜನರ ಜನಪ್ರಿಯ ಹಾಡುಗಳ) ಕಾರ್ಯಕ್ರಮದ ಪೋಸ್ಟರ್ ನಕಲಿ ಎಂದು ಹೇಗೆ ಗೊತ್ತಾಗುತ್ತದೆ?

ಮೊದಲು ಯಾರ ಹೆಸರು ದೊಡ್ಡದಾಗಿದೆ ಅಂತ ನೋಡಿ. ಕಾಗದ, ಶಾಯಿ ಆಮೇಲೆ. ನಕಲಿ ಮಾಡುವವರು ಇಂದು ಪ್ರಸಿದ್ಧರಾದವರ ಹೆಸರನ್ನು ದೊಡ್ಡದಾಗಿ ಹಾಕುತ್ತಾರೆ. ಅಸಲಿ ಪೋಸ್ಟರ್‌ನಲ್ಲಿ ದೊಡ್ಡಕ್ಷರ ಸಿಗುತ್ತಿದ್ದದ್ದು ಆ ವರ್ಷ ಹಾಡು ಹಿಟ್ ಆದವರಿಗೆ.

ಉದಾಹರಣೆಗೆ, ಅಮೆರಿಕದ ಡೆಟ್ರಾಯಿಟ್‌ನ ಮೋಟೌನ್ ಎಂಬ ರೆಕಾರ್ಡ್ ಕಂಪನಿ 1962ರಲ್ಲಿ ತನ್ನ ಹಲವು ಗಾಯಕರನ್ನು ಬಸ್ಸಿನಲ್ಲಿ ತುಂಬಿಕೊಂಡು ಊರೂರು ಸುತ್ತಿಸಿತು. ಒಂದೇ ಟಿಕೆಟ್‌ಗೆ ಹಲವು ಗಾಯಕರು. ಆಗ ಗಾಯಕಿ ಮೇರಿ ವೆಲ್ಸ್ ದೊಡ್ಡ ಹೆಸರು. ಸುಪ್ರೀಮ್ಸ್ ತಂಡವಿನ್ನೂ ಹೊಸಬರ ಸಾಲಿನಲ್ಲಿತ್ತು, ಅವರ ಹಾಡು ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದು 1964ರಲ್ಲಿ. ಮುಖ್ಯ ಗಾಯಕಿಯ ಹೆಸರು ಸೇರಿಸಿ 'ಡಯಾನಾ ರಾಸ್ ಅಂಡ್ ದ ಸುಪ್ರೀಮ್ಸ್' ಎಂದು ತಂಡದ ಹೆಸರು ಬದಲಾಗಿದ್ದು 1967ರಲ್ಲಿ. ಹಾಗಾಗಿ 1963ರ ಪೋಸ್ಟರ್‌ನಲ್ಲಿ ಆ ಹೆಸರಿದ್ದರೆ ಅದು ನಕಲಿ, ಅಷ್ಟೇ. ಹಾಗೇ ಗಾಯಕ ಸ್ಟೀವಿ ವಂಡರ್ ಹೆಸರು ಆಗ ಇನ್ನೂ 'ಲಿಟಲ್' (ಪುಟ್ಟ) ಸ್ಟೀವಿ ವಂಡರ್!

ಇನ್ನು ಮುದ್ರಣ. ಬಾಲ್ಟಿಮೋರ್‌ನ ಗ್ಲೋಬ್‌ನಂಥ ಪ್ರೆಸ್‌ಗಳು ದಪ್ಪ ರಟ್ಟಿನ ಮೇಲೆ ಅಚ್ಚಿನ ಮೊಳೆ ಒತ್ತಿ ಇವನ್ನು ಮುದ್ರಿಸುತ್ತಿದ್ದವು. ಅಲ್ಲಿ ಅಕ್ಷರ ಪೂರ್ತಿ ಶಾಯಿ ತುಂಬಿ ಬೀಳುತ್ತದೆ, ಚುಕ್ಕೆಗಳು ಫೋಟೋದಲ್ಲಿ ಮಾತ್ರ. ನಕಲಿಯನ್ನು ಸಾಮಾನ್ಯವಾಗಿ ಸ್ಕ್ಯಾನ್ ಮಾಡಿ ಮುದ್ರಿಸುವುದರಿಂದ ಅಕ್ಷರದ ಅಂಚಿನಲ್ಲೂ ಸಣ್ಣ ಚುಕ್ಕೆ ಕಾಣುತ್ತದೆ. ಒಂದು ಭೂತಗನ್ನಡಿ ಸಾಕು.

ಅಂದಹಾಗೆ, ಅಸಲಿಗಳನ್ನು ಕಂಬಕ್ಕೆ ಹೊಡೆಯಲೆಂದೇ ಮಾಡಿದ್ದು. ಮೊಳೆಯ ತೂತು, ಮಳೆಯ ಕಲೆ ಇದ್ದರೆ ಸುಮ್ನೆ ಬೇಜಾರಾಗಬೇಡಿ.