ಫುಕುಓಕಾದಲ್ಲಿ ತಿನ್ನೋಕಂತಲೇ ಮೂರು ದಿನ: ಮೀನನ್ನು ಶನಿವಾರವೇ ಮುಗಿಸಿ

ಟೋಕಿಯೋದಿಂದ ಶನಿ-ಭಾನು-ಸೋಮ ರಜೆ, ನೋಡುವುದಕ್ಕಿಂತ ತಿನ್ನುವುದಕ್ಕೇ ಹೋಗಬೇಕು, ಸಮುದ್ರದ ಪಕ್ಕದ ಊರಾಗಬೇಕು, ನಿಮ್ಮ ಮನೆಯವರು ಮೀನು-ಕೋಳಿ ತಿನ್ನುತ್ತಾರೆ, ಆದರೆ ಹಂದಿ, ದನದ ಮಾಂಸ ಮುಟ್ಟಲ್ಲ, ಕನಜಾವಾನಾ ಫುಕುಓಕಾನಾ ಅಂತ ಕೇಳಿದ್ದೀರಿ. ಫುಕುಓಕಾಗೆ ಹೋಗಿ. ಕನಜಾವಾ ಏಡಿ ಸೀಸನ್‌ನಲ್ಲಿ, ಅಂದರೆ ನವೆಂಬರ್‌ನಿಂದ ಮಾರ್ಚ್ ಒಳಗೆ, ಕೈಯಲ್ಲಿ ದುಡ್ಡಿಟ್ಟುಕೊಂಡು ಹೋಗಬೇಕಾದ ಊರು. ಫುಕುಓಕಾ ಹಾಗಲ್ಲ, ಅಲ್ಲಿ ಐನೂರು ಯೆನ್‌ಗೂ ಊಟ ಇದೆ, ಐದು ಸಾವಿರಕ್ಕೂ ಇದೆ.

ನಾನು ಒಸಾಕಾದಲ್ಲಿರುವವನು, ಕುಂದಾಪುರದ ಕಡೆಯವನು, ಮೀನಿನ ವಿಷಯದಲ್ಲಿ ಸ್ವಲ್ಪ ಜಂಬ ಜಾಸ್ತಿ. ಫುಕುಓಕಾಗೆ ಆಗಾಗ ಹೋಗುತ್ತಿರುತ್ತೇನೆ. ಎಲ್ಲರೂ ಹೇಳುವ "ಟಾಪ್ ಟೆನ್" ಪಟ್ಟಿ ನಿಮಗೂ ಸಿಕ್ಕಿರುತ್ತದೆ, ಅದನ್ನೇ ಮತ್ತೆ ಹೇಳಲ್ಲ. ಅದರಲ್ಲಿ ಯಾರೂ ಬರೆಯದ ಒಂದು ವಿಷಯ ಇದೆ. ಏನು ತಿನ್ನಬೇಕು ಅನ್ನುವುದಕ್ಕಿಂತ ಯಾವ ದಿನ ತಿನ್ನಬೇಕು ಅನ್ನುವುದೇ ಇಲ್ಲಿ ಮುಖ್ಯ. ಊರಿನ ಮೀನು ಮಾರುಕಟ್ಟೆಗಳು ಸಾಮಾನ್ಯವಾಗಿ ಭಾನುವಾರ ರಜೆ, ಯನಾಗಿಬಾಶಿ ಮಾರುಕಟ್ಟೆ ಸರ್ಕಾರಿ ರಜೆ ದಿನವೂ ಮುಚ್ಚಿರುತ್ತದೆ. ನಿಮ್ಮದು ಸೋಮವಾರ ಸೇರಿದ ರಜೆ. ಅಂದರೆ ಮೂರು ದಿನದಲ್ಲಿ ಎರಡು ದಿನ ಬಾಗಿಲು ಬಂದ್! ಶನಿವಾರ ಮಧ್ಯಾಹ್ನ ಆರಾಮಾಗಿ ಹೋಗಿ ಇಳಿದರೆ ಅಲ್ಲಿಗೆ ಮುಗಿಯಿತು.

ಅದಕ್ಕೇ ಶುಕ್ರವಾರ ಸಂಜೆಯೇ ಹೊರಡಿ. ಹನೇಡಾದಿಂದ ವಿಮಾನದಲ್ಲಿ ಎರಡು ಗಂಟೆ ಚಿಲ್ಲರೆ. ಫುಕುಓಕಾ ಏರ್‌ಪೋರ್ಟ್ ಊರೊಳಗೇ ಇದೆ, ಸಬ್‌ವೇ ಹತ್ತಿದರೆ ಎರಡನೇ ಸ್ಟೇಷನ್ನೇ ಹಕಾಟಾ (ಊರಿನ ಹಳೇ ಭಾಗ, ಮುಖ್ಯ ರೈಲು ನಿಲ್ದಾಣಕ್ಕೂ ಅದೇ ಹೆಸರು), ಐದಾರು ನಿಮಿಷ ಅಷ್ಟೇ. ಆದರೆ ಊರೊಳಗೆ ಇರುವುದರಿಂದಲೇ ರಾತ್ರಿ 10ರ ನಂತರ ವಿಮಾನ ಇಳಿಸುವುದಕ್ಕೆ ನಿರ್ಬಂಧ ಇದೆ, ಹಾಗಾಗಿ ಕೊನೇ ಫ್ಲೈಟ್ ಬೇಡ, ಅದಕ್ಕಿಂತ ಒಂದೆರಡು ಮುಂಚಿನದು ಹಿಡಿಯಿರಿ. ಶಿಂಕಾನ್‌ಸೆನ್ ಬುಲೆಟ್ ರೈಲಿನಲ್ಲಿ ಸುಮಾರು ಐದು ಗಂಟೆ ಬೇಕು, ಒಸಾಕಾದಿಂದಾದರೆ ಸರಿ, ಟೋಕಿಯೋದಿಂದ ಸುಮ್ನೆ ಕೂತು ಬೆನ್ನು ನೋವು.

ಶನಿವಾರ ಬೆಳಗ್ಗೆ ತಿಂಡಿ ತಿನ್ನದೆ ಯನಾಗಿಬಾಶಿಗೆ ಹೋಗಿ. ಚಿಕ್ಕ ಮಾರುಕಟ್ಟೆ, ಟೋಕಿಯೋದ ಟ್ಸುಕಿಜಿಯ ಗದ್ದಲ ಇಲ್ಲ. ಹೋಟೆಲಿನವರು ಮೀನು ಕೊಳ್ಳುವ ಓಣಿ, ಮಧ್ಯೆ ಅಲ್ಲಲ್ಲಿ ಕೂತು ತಿನ್ನುವ ಜಾಗ. ಇಲ್ಲವೇ ನಗಾಹಾಮಾದ ದೊಡ್ಡ ಮೀನು ಮಾರುಕಟ್ಟೆ ಕಟ್ಟಡದ ಕೆಳಮಹಡಿಯ ಊಟದ ಅಂಗಡಿಗಳು. ಎಲ್ಲೇ ಹೋದರೂ ಗೋಮಾಸಬಾ ಇದೆಯಾ ಅಂತ ಮೊದಲು ಕೇಳಿ. ಸಬಾ ಅಂದರೆ ನಮ್ಮ ಬಂಗುಡೆಯ ನೆಂಟ. ಅದನ್ನು ಹಸಿಯಾಗಿಯೇ ದಪ್ಪ ಹೋಳು ಮಾಡಿ, ಸಿಹಿ ಕಡೆಗಿರುವ ಸೋಯಾ ಸಾಸ್‌ನಲ್ಲಿ ಕಲಸಿ, ಮೇಲೆ ಅರೆದ ಎಳ್ಳು, ಈರುಳ್ಳಿ ಸೊಪ್ಪು, ಪಕ್ಕದಲ್ಲಿ ಚೂರು ವಾಸಾಬಿ. ಬಂಗುಡೆಯನ್ನು ಹಸಿ ತಿನ್ನುವುದಾ ಅಂತ ನಾನೂ ಹಿಂಜರಿದಿದ್ದೆ. ಟೋಕಿಯೋದಲ್ಲಿ ಅದನ್ನು ಉಪ್ಪು-ವಿನೆಗರ್ ಹಾಕಿಯೇ ಕೊಡುವುದು, ಹಸಿ ಸಬಾ ಇಲ್ಲಿಯ ರೂಢಿ. ಅರ್ಧ ಹಾಗೇ ತಿಂದು, ಉಳಿದದ್ದನ್ನು ಬಿಸಿ ಅನ್ನದ ಮೇಲೆ ಹಾಕಿ ಟೀ ಸುರಿದುಕೊಳ್ಳಿ. ಬಿಸಿ ತಾಗಿದ ಕಡೆ ಮೀನು ಬೆಳ್ಳಗಾಗುತ್ತದೆ, ಒಳಗೆ ಹಸಿಯಾಗಿಯೇ ಇರುತ್ತದೆ, ಎಳ್ಳಿನ ಎಣ್ಣೆ ಮೇಲೆ ತೇಲುತ್ತದೆ. ಇದೊಂದಕ್ಕೇ ಟಿಕೆಟ್ ದುಡ್ಡು ಸರಿಹೋಯಿತು ಅನ್ನುವವನು ನಾನು. ಚಳಿಗಾಲದಲ್ಲಿ ಕೊಬ್ಬು ಜಾಸ್ತಿ, ರುಚಿಯೂ ಜಾಸ್ತಿ. ಅವತ್ತು ಒಳ್ಳೆಯ ಮೀನು ಬಂದಿಲ್ಲ ಅಂದರೆ ಇಲ್ಲ ಅಂದುಬಿಡುತ್ತಾರೆ, ಜಗಳ ಆಡಬೇಡಿ.

ಶನಿವಾರ ಸಂಜೆ ಯತಾಯಿ, ಅಂದರೆ ರಸ್ತೆ ಬದಿಯ ಗಾಡಿ ಅಂಗಡಿಗಳು. ಊರಲ್ಲಿ ಸುಮಾರು ನೂರು ಇವೆ. ದಿನಾ ಸಂಜೆ ಗಾಡಿ ಎಳೆದು ತಂದು, ಫುಟ್‌ಪಾತಿನಲ್ಲೇ ನೀರು-ಕರೆಂಟ್ ಜೋಡಿಸಿ, ಸುತ್ತ ಬೆಂಚು ಹಾಕಿ, ರಾತ್ರಿ ಕೊನೆಗೆ ಎಲ್ಲವನ್ನೂ ಬಿಚ್ಚಿ ಒಯ್ಯುತ್ತಾರೆ. ಹಿಂದೆ ಇವು ಒಂದೊಂದಾಗಿ ಕಡಿಮೆಯಾಗುತ್ತಿದ್ದವು, 2013ರಲ್ಲಿ ನಗರಸಭೆ ಕಾನೂನು ಮಾಡಿ ಹೊಸಬರಿಗೂ ಜಾಗ ಕೊಡುವ ದಾರಿ ಮಾಡಿತು. ಹತ್ತೇ ಜನ ಕೂರುವ ಜಾಗ, ಪಕ್ಕದವರ ಮೊಣಕೈ ನಿಮ್ಮ ತಟ್ಟೆಗೆ ತಾಗುತ್ತದೆ. ನಕಾಸು ಬಡಾವಣೆಯ ನದಿ ದಡದ ಗಾಡಿಗಳು ಫೋಟೋಗೆ ಚೆನ್ನ, ತಿನ್ನೋಕೆ ನನ್ನ ಮತ ಪೇಟೆ ಮಧ್ಯದ ತೆಂಜಿನ್ ಕಡೆಗೆ. ಆರೂವರೆಗೆಲ್ಲಾ ಹೋಗಿ, ಎಂಟಾದರೆ ಕ್ಯೂ. ತಲೆಗೆ ಒಂದು ಪಾನೀಯ, ಒಂದು ತಿನಿಸು ಹೇಳಲೇಬೇಕು, ತಿಂದು ಎದ್ದು ಬರಬೇಕು, ಹರಟೆ ಹೊಡೆಯುತ್ತಾ ಎರಡು ಗಂಟೆ ಕೂರುವ ಜಾಗವಲ್ಲ ಅದು. ಟಾಯ್ಲೆಟ್ ಇರಲ್ಲ. ನಗದು ಇಟ್ಟುಕೊಂಡಿರಿ. ಹಸಿ ಮೀನು ಕೊಡುವುದಕ್ಕೆ ಅವರಿಗೆ ಅನುಮತಿಯೇ ಇಲ್ಲ, ಆದ್ದರಿಂದ ಸಾಶಿಮಿ ಕೇಳಬೇಡಿ. ನಿಮ್ಮ ಮನೆಯವರಿಗೆ ಮೆಂತಾಯ್ಕೋ ಹಾಕಿ ಸುತ್ತಿದ ಆಮ್ಲೆಟ್, ಟೆಂಪುರಾ, ಕೋಳಿ ಯಾಕಿಟೋರಿ ಆಗುತ್ತದೆ. ಓಡೆನ್ ಬೇಡ, ಆ ಸಾರಲ್ಲಿ ಎಷ್ಟೋ ಕಡೆ ದನದ ಸ್ನಾಯು ಬೆಂದಿರುತ್ತದೆ. ಜೋರು ಮಳೆ-ಗಾಳಿ ಇದ್ದರೆ ಗಾಡಿ ಬರುವುದೇ ಅನುಮಾನ, ಆಗ ಭಾನುವಾರದ ರಾತ್ರಿ ಊಟದ ಜೊತೆ ಅದಲು ಬದಲು ಮಾಡಿಕೊಳ್ಳಿ, ಆದರೆ ಭಾನುವಾರ ಕೆಲವು ಗಾಡಿಗಳಿಗೆ ರಜೆ.

ಮೆಂತಾಯ್ಕೋ ಅಂದೆನಲ್ಲ, ಪೊಲಾಕ್ ಮೀನಿನ ಮೊಟ್ಟೆ, ಉಪ್ಪು-ಮೆಣಸಿನಲ್ಲಿ ನೆನೆಸಿದ್ದು. ಊರಿನ ಹೆಸರೇ ಅದರಿಂದ ನಡೆಯುತ್ತಿದೆ, ಆದರೆ ಆ ಮೀನು ಬರುವುದು ಉತ್ತರದ ತಣ್ಣನೆಯ ಸಮುದ್ರದಿಂದ. ಕೊರಿಯಾದ ಬುಸಾನ್‌ನಲ್ಲಿ ಹುಟ್ಟಿ ಬೆಳೆದ ಕವಹಾರಾ ತೊಶಿಯೋ ಅಲ್ಲಿಯ ರುಚಿ ನೆನಪಿಟ್ಟುಕೊಂಡು 1949ರಲ್ಲಿ ನಕಾಸುವಿನ ತನ್ನ ಫುಕುಯಾ ಅಂಗಡಿಯಲ್ಲಿ ಮಾರಲು ಶುರು ಮಾಡಿದರು, ಪೇಟೆಂಟ್ ಮಾಡಿಸದೆ ಕೇಳಿದವರಿಗೆಲ್ಲ ಕಲಿಸಿದರು. ಅದಕ್ಕೇ ಈಗ ಬೀದಿಗೊಂದು ಬ್ರ್ಯಾಂಡ್.

ಭಾನುವಾರ ಬೆಳಗ್ಗೆ ಉಡೋನ್, ಅಂದರೆ ಸಾರಿನಲ್ಲಿ ಹಾಕಿದ ಗೋಧಿ ಹಿಟ್ಟಿನ ದಪ್ಪ ನೂಡಲ್ಸ್. ನಗಬೇಡಿ! ಹಕಾಟಾ ಅಂದರೆ ರಾಮೆನ್ ಅನ್ನುವವರು ಹೊರಗಿನವರು, ಊರಿನವರು ದಿನಾ ತಿನ್ನುವುದು ಉಡೋನನ್ನು. 1241ರಲ್ಲಿ ಚೀನಾದಿಂದ ಮರಳಿದ ಎನ್ನಿ ಅನ್ನುವ ಬೌದ್ಧ ಸನ್ಯಾಸಿ ಹಿಟ್ಟು ಬೀಸುವ ವಿದ್ಯೆ ತಂದರು ಅಂತ ಜೋತೆನ್‌ಜಿ ದೇವಾಲಯದಲ್ಲಿ ಕಲ್ಲನ್ನೇ ನೆಟ್ಟಿದ್ದಾರೆ. ಇಲ್ಲಿಯ ಉಡೋನ್ ಮೆತ್ತಗೆ, ಹಲ್ಲಿಗೆ ಕೆಲಸವೇ ಇಲ್ಲ. ಒಂದು ಅಂಗಡಿಯಲ್ಲಂತೂ ತಿನ್ನುತ್ತಿದ್ದ ಹಾಗೇ ಎಳೆಗಳು ಸಾರನ್ನೆಲ್ಲ ಹೀರಿ ಉಬ್ಬುತ್ತವೆ, ಅದಕ್ಕೆ ಪಕ್ಕದಲ್ಲೇ ಒಂದು ಕೆಟಲ್ ತುಂಬ ಸಾರು ಇಟ್ಟಿರುತ್ತಾರೆ. ಗೋಬೋಟೆನ್ ಹಾಕಿಸಿಕೊಳ್ಳಿ, ಗೋಬೋ ಬೇರಿನ ಗರಿಗರಿ ಟೆಂಪುರಾ. ಸಾರು ಮೀನು ಮತ್ತು ಕೊಂಬು ಅನ್ನುವ ಸಮುದ್ರದ ಪಾಚಿಯದು, ನಿಮ್ಮ ಮನೆಯವರಿಗೆ ತೊಂದರೆ ಇಲ್ಲ.

ಆಮೇಲೆ, ಸುಮಾರು ನವೆಂಬರ್‌ನಿಂದ ಮಾರ್ಚ್ ಒಳಗಾದರೆ ಇತೋಶಿಮಾಗೆ ಹೋಗಿ ಸಿಂಪಿ ಸುಟ್ಟುಕೊಂಡು ತಿನ್ನಿ. ಬಂದರಿನ ಪಕ್ಕ ಷೆಡ್, ಕೆಂಡ, ಕಿಲೋ ಲೆಕ್ಕದಲ್ಲಿ ಸಿಂಪಿ, ಬಟ್ಟೆಗೆ ಸಿಡಿಯದಂತೆ ಜಾಕೆಟನ್ನೂ ಅವರೇ ಕೊಡುತ್ತಾರೆ. ಸೀಸನ್ ಅಲ್ಲದಿದ್ದರೆ ದಝಾಯ್ಫು ದೇವಾಲಯದ ಬೀದಿ, ಬಿಸಿ ಉಮೆಗಾಯೆ-ಮೋಚಿ (ಒಳಗೆ ಸಿಹಿ ಹೂರಣವಿಟ್ಟು ಸುಟ್ಟ ಅಕ್ಕಿ ಹಿಟ್ಟಿನ ತಿಂಡಿ), ಒಂದೂವರೆ ಗಂಟೆ ಸಾಕು.

ರಾತ್ರಿ ಮಿಜುತಾಕಿ, ಈಗಲೇ ಬುಕ್ ಮಾಡಿ. ಎಲ್ಲರೂ ಮೋಟ್ಸುನಾಬೆ ಅಂತಾರೆ, ಅದು ಕರುಳಿನ ಹಾಟ್‌ಪಾಟ್, ಹೆಚ್ಚಾಗಿ ದನದ್ದು, ನಿಮ್ಮ ಮನೆಯವರಿಗೆ ಆಗಲ್ಲ. ಮಿಜುತಾಕಿ ಬರೀ ಕೋಳಿ. ಎಲುಬು ಕುದಿಸಿ ಕುದಿಸಿ ಹಾಲಿನ ಬಣ್ಣಕ್ಕೆ ಬಂದ ಸಾರನ್ನು ಮೊದಲು ಪುಟ್ಟ ಕಪ್ಪಿಗೆ ಹಾಕಿ, ಚಿಟಿಕೆ ಉಪ್ಪು ಉದುರಿಸಿ ಕೊಡುತ್ತಾರೆ. ಅದನ್ನು ಕುಡಿದ ಮೇಲೆಯೇ ಮಾಂಸ, ಆಮೇಲೆ ಎಲೆಕೋಸು, ಕೊನೆಗೆ ಉಳಿದ ಸಾರಿಗೆ ಅನ್ನ, ಮೊಟ್ಟೆ ಹಾಕಿ ಗಂಜಿ. ಅಗ್ಗ ಅಲ್ಲ, ಆದರೆ ಮೂರು ದಿನದಲ್ಲಿ ಇಬ್ಬರೂ ಒಂದೇ ಪಾತ್ರೆಯಲ್ಲಿ ತಿನ್ನುವ ಊಟ ಇದು, ಅಲ್ವಾ?

ರಾಮೆನ್ ಸೋಮವಾರ, ನೀವೊಬ್ಬರೇ, ಯಾಕೆಂದರೆ ಸಾರು ಪೂರ್ತಿ ಹಂದಿ ಎಲುಬಿನದು. ನಗಾಹಾಮಾದಲ್ಲಿ ತಿನ್ನಿ. ಮೀನು ಮಾರುಕಟ್ಟೆಯ ಕೆಲಸದವರಿಗೆ ಕಾಯುವ ಪುರುಸೊತ್ತು ಇರಲಿಲ್ಲ, ಅದಕ್ಕೇ ಬೇಗ ಬೇಯುವ ತೆಳ್ಳನೆ ಎಳೆ ಬಂತು. ತೆಳ್ಳಗಿದ್ದದ್ದು ಬೇಗ ಮೆತ್ತಗೂ ಆಗುತ್ತದಲ್ಲ, ಹಾಗಾಗಿ ಬಟ್ಟಲಿಗೆ ಕಡಿಮೆ ಹಾಕಿ, ಮುಗಿದ ಮೇಲೆ ಕಾಎದಾಮಾ, ಅಂದರೆ ಎಳೆ ಮಾತ್ರ ಇನ್ನೊಂದು ಸಲ ಕೊಡುವ ಪದ್ಧತಿ ಶುರುವಾಯಿತು. ಸಾರು ಪೂರ್ತಿ ಕುಡಿದುಬಿಟ್ಟರೆ ಎರಡನೇ ಸಲಕ್ಕೆ ಏನೂ ಇರಲ್ಲ, ನೋಡಿಕೊಳ್ಳಿ. ಅಷ್ಟು ಹೊತ್ತು ನಿಮ್ಮ ಮನೆಯವರನ್ನು ಹಕಾಟಾ ಸ್ಟೇಷನ್ನಿನಲ್ಲಿ ಮೆಂತಾಯ್ಕೋ ಕೊಳ್ಳಲು ಕಳಿಸಿ, ಐಸ್ ಪ್ಯಾಕ್ ಹಾಕಿ ಕೊಡಿ ಅಂತ ಹೇಳಲು ಹೇಳಿ.

ಹೋಟೆಲನ್ನು ತೆಂಜಿನ್ ಮತ್ತು ನಕಾಸು ಮಧ್ಯೆ ಹಿಡಿಯಿರಿ, ಎಲ್ಲಾ ನಡೆದೇ ಆಗುತ್ತದೆ. ಊರಲ್ಲಿ ದೊಡ್ಡ ಸಂಗೀತ ಕಾರ್ಯಕ್ರಮ ಇದ್ದರೆ ಶನಿವಾರದ ರೂಮ್ ಬೆಲೆ ಆಕಾಶಕ್ಕೆ ಏರುತ್ತದೆ. ವಿಮಾನಕ್ಕಿಂತ ಮೊದಲು ಅದನ್ನು ನೋಡಿ, ದುಬಾರಿ ಅನಿಸಿದರೆ ಇಡೀ ಪ್ಲಾನನ್ನು ಮುಂದಿನ ರಜೆಗೆ ತಳ್ಳಿ.