ಡೋಲು ಹೊಡೆಯುತ್ತಿರುವವನು ಯಾರು?

ಈ ಕಪ್ಪು-ಬಿಳುಪು ಚಿತ್ರದಲ್ಲಿ ಡೋಲು ಹೊಡೆಯುವವನು ಯಾರು, ಬಿಳಿ ಗೆರೆಗಳನ್ನು ಸೀಮೆಸುಣ್ಣದಲ್ಲಿ ಎಳೆದಿದ್ದಾರಾ ಅಂತ ಕೇಳಿದ್ದೀರಿ. ಇದು ಜರ್ಮನಿಯ ಕಲಾವಿದೆ ಕ್ಯಾಥೆ ಕೋಲ್ವಿಟ್ಸ್ ಅವರ ‘ಸ್ವಯಂಸೇವಕರು’. ‘ಯುದ್ಧ’ ಅನ್ನುವ ಏಳು ವುಡ್‌ಕಟ್‌ಗಳ (ಮರದ ಹಲಗೆಯಲ್ಲಿ ಕೆತ್ತಿ ಅಚ್ಚೊತ್ತಿದ ಚಿತ್ರಗಳ) ಸರಣಿಯಲ್ಲಿ ಎರಡನೆಯದು, 1921-22ರಲ್ಲಿ ಮಾಡಿದ್ದು.

ಡೋಲು ಹೊಡೆಯುತ್ತಿರುವುದು ಸಾವು. ಅದರ ಪಕ್ಕಕ್ಕೆ ಅಂಟಿಕೊಂಡಿರುವ ಹುಡುಗ ಕೋಲ್ವಿಟ್ಸ್ ಅವರದೇ ಮಗ ಪೀಟರ್. ಸೈನ್ಯ ಸೇರಲು ಅಪ್ಪನ ಒಪ್ಪಿಗೆ ಬೇಕಿತ್ತು. ಅಪ್ಪನಿಗೆ ಸುತರಾಂ ಇಷ್ಟವಿರಲಿಲ್ಲ, ಅವರನ್ನು ಒಪ್ಪಿಸಿದ್ದು ಅಮ್ಮನೇ. ಮೊದಲ ಮಹಾಯುದ್ಧದಲ್ಲಿ, 1914ರ ಅಕ್ಟೋಬರ್‌ನಲ್ಲಿ, ಬೆಲ್ಜಿಯಂನಲ್ಲಿ ಹುಡುಗ ತೀರಿಕೊಂಡ. ಹದಿನೆಂಟೇ ವರ್ಷ.

ಇನ್ನು ಬಿಳಿ ಗೆರೆ. ಅದು ಎಳೆದದ್ದಲ್ಲ, ಕೆತ್ತಿ ತೆಗೆದದ್ದು. ನಮ್ಮ ರಬ್ಬರ್ ಸ್ಟ್ಯಾಂಪ್ ಇದೆಯಲ್ಲ, ಅದೇ ಲೆಕ್ಕ: ಉಬ್ಬಿದ ಭಾಗಕ್ಕೆ ಶಾಯಿ ಹತ್ತುತ್ತದೆ, ಕೆತ್ತಿದ ಜಾಗ ಬಿಳಿಯಾಗಿಯೇ ಉಳಿಯುತ್ತದೆ. ಮರದಲ್ಲಿ ಸೂಕ್ಷ್ಮ ಛಾಯೆ ತರುವುದು ಕಷ್ಟ. ಹಾಗಾಗಿಯೇ ಮುಖಗಳು ಇಷ್ಟು ಒರಟು. ಕೋಲ್ವಿಟ್ಸ್‌ಗೆ ನಯವಾಗಿ ಬಿಡಿಸಲು ಬರುತ್ತಿರಲಿಲ್ಲ ಅಂದುಕೊಳ್ಳಬೇಡಿ, ಅವರ ಹಳೆಯ ಎಚಿಂಗ್‌ಗಳನ್ನು (ಲೋಹದ ಫಲಕದಲ್ಲಿ ಆಮ್ಲದಿಂದ ಗೆರೆ ಕೊರೆದು ಅಚ್ಚೊತ್ತಿದ ಚಿತ್ರಗಳನ್ನು) ನೋಡಿ! 1920ರಲ್ಲಿ ಜರ್ಮನಿಯ ಶಿಲ್ಪಿ ಅರ್ನ್ಸ್ಟ್ ಬಾರ್ಲಾಖ್ ಅವರ ವುಡ್‌ಕಟ್‌ಗಳನ್ನು ಕಂಡ ಮೇಲೇ ಅವರು ಮರಕ್ಕೆ ಕೈ ಹಾಕಿದ್ದು.

ಅಂದಹಾಗೆ, ತಲೆಗಳ ಮೇಲೆ ಕಮಾನಿನಂಥ ಗೆರೆಗಳಿವೆ, ಗಮನಿಸಿದಿರಾ? ನನಗಂತೂ ಅದು ಡೋಲಿನ ಸದ್ದೇ ಅನ್ನಿಸುತ್ತದೆ.