ಎರಡು ತಿಂಗಳಾದರೂ ಕೈ ಮೇಲಿನ ಹುಣ್ಣು ಮಾಯುತ್ತಿಲ್ಲ, ಯಾವ ಆಯಿಂಟ್‌ಮೆಂಟ್ ಒಳ್ಳೆಯದು?

ಯಾವುದೂ ಬೇಡ. ಜಾಸ್ತಿ ನೋವಿಲ್ಲ, ಜ್ವರವಿಲ್ಲ, ಆದರೆ ಹುಣ್ಣಿನಿಂದ ಮೇಲಕ್ಕೆ ಸಾಲಾಗಿ ಸಣ್ಣ ಗಂಟುಗಳು ಏಳುತ್ತಿವೆ ಅಂತ ಬರೆದಿದ್ದೀರಲ್ಲ, ನನಗೂ ಹೀಗೇ ಆಗಿತ್ತು.

ನಮ್ಮದು ಶೃಂಗೇರಿ ಕಡೆ ಅಡಿಕೆ ತೋಟ. ಬೇಲಿ ಕಟ್ಟುವಾಗ ಬೆರಳಿನ ಬುಡಕ್ಕೆ ಮುಳ್ಳು ಚುಚ್ಚಿತ್ತು. ಅದು ಮರೆತೇ ಹೋದ ಮೇಲೆ ಅಲ್ಲೊಂದು ಗುಳ್ಳೆ ಎದ್ದು, ಒಡೆದು, ಹುಣ್ಣಾಯಿತು. ಆಂಟಿಬಯೋಟಿಕ್‌ಗೆ ಬಗ್ಗಲಿಲ್ಲ. ಕೊನೆಗೆ ಒಂದು ಆಸ್ಪತ್ರೆಯಲ್ಲಿ ಬಯಾಪ್ಸಿ ಮಾಡಿದರು.

ಎಡವಟ್ಟಾಗಿದ್ದು ಅಲ್ಲೇ. ಪರೀಕ್ಷೆಗೆ ಅಂತ ಹುಣ್ಣಿನಿಂದ ಕತ್ತರಿಸಿ ತೆಗೆದ ಚೂರನ್ನು ಪೂರ್ತಿ ಫಾರ್ಮಲಿನ್ ಬಾಟಲಿಗೆ ಹಾಕಿಬಿಟ್ಟರು. ಮೈಕ್ರೋಸ್ಕೋಪ್‌ನಲ್ಲಿ ನೋಡೋಕೆ ಫಾರ್ಮಲಿನ್ ಬೇಕು, ನಿಜ. ಚರ್ಮ ಕೆಡದೆ ಉಳಿಯುತ್ತದೆ. ಆದರೆ ಒಳಗಿರುವ ರೋಗಾಣು ಸತ್ತುಹೋಗುತ್ತದೆ. ಸತ್ತಿದ್ದನ್ನು ಲ್ಯಾಬ್‌ನಲ್ಲಿ ಬೆಳೆಸೋಕಾಗಲ್ಲ, ಅಂದರೆ ಕಲ್ಚರ್ ಆಗಲ್ಲ. ಇನ್ನೊಂದು ಚೂರು ಸ್ಟೆರೈಲ್ ಸಲೈನ್‌ನಲ್ಲಿ, ಅಂದರೆ ರೋಗಾಣುಗಳಿಲ್ಲದ ಉಪ್ಪುನೀರಿನಲ್ಲಿ ಹೋಗಬೇಕಿತ್ತು. ರಿಪೋರ್ಟಲ್ಲಿ ಗ್ರ್ಯಾನುಲೋಮಾ ಅಂತ ಬಂತು, ಅಂದರೆ ರೋಗದ ವಿರುದ್ಧ ಹೋರಾಡುವ ಜೀವಕೋಶಗಳು ಗುಂಪುಗಟ್ಟಿ ಆದ ಸಣ್ಣ ಗಂಟು. ಅದು ಚರ್ಮದ ಟಿಬಿಯಲ್ಲೂ ಇರುತ್ತದೆ, ಕುಷ್ಠದಲ್ಲೂ ಇರುತ್ತದೆ, ಕೆಲವು ಫಂಗಸ್ ಹೊಕ್ಕರೂ ಇರುತ್ತದೆ. ಫಂಗಸ್ ಇದ್ದರೂ ಎಷ್ಟೋ ಸಲ ಕಣ್ಣಿಗೆ ಬೀಳುವುದೇ ಇಲ್ಲ, ಅಷ್ಟು ಕಮ್ಮಿ ಇರುತ್ತದೆ. ಟಿಬಿ ಅಂದುಕೊಂಡು ಮಾತ್ರೆ ಶುರು ಮಾಡಿದರು. ಗಂಟುಗಳು ಮೊಣಕೈ ದಾಟಿದವು.

ಮಂಗಳೂರಿನ ಚರ್ಮದ ಡಾಕ್ಟರು ಮೊದಲು ಕೇಳಿದ್ದೇ "ತೋಟದ ಕೆಲಸ ಮಾಡ್ತೀರಾ? ಮುಳ್ಳೇನಾದ್ರೂ ಚುಚ್ಚಿತ್ತಾ?" ಅಂತ. ಮತ್ತೆ ಬಯಾಪ್ಸಿ, ಈ ಸಲ ಎರಡು ಬಾಟಲಿ. ಕಲ್ಚರ್‌ನಲ್ಲಿ ಸ್ಪೋರೋಥ್ರಿಕ್ಸ್ ಬೆಳೆಯಿತು. ಮಣ್ಣು, ಕೊಳೆತ ದರಗು, ಮುಳ್ಳುಕಂಟಿಯಲ್ಲಿರುವ ಫಂಗಸ್ ಅದು. ಕಾಯಿಲೆ ಹೆಸರು ಸ್ಪೋರೋಟ್ರೈಕೋಸಿಸ್. ಇಟ್ರಾಕೊನಜೋಲ್ ಅನ್ನೋ ಫಂಗಸ್ ಔಷಧಿ ಬರೆದರು, ಆದರೆ ತಕ್ಷಣ ಶುರು ಮಾಡುವ ಹಾಗಿರಲಿಲ್ಲ. ಟಿಬಿ ಮಾತ್ರೆಯಲ್ಲಿರುವ ರಿಫಾಂಪಿಸಿನ್‌ನಿಂದಾಗಿ ಇದು ರಕ್ತದಲ್ಲಿ ನಿಲ್ಲುವುದೇ ಇಲ್ಲ. ಅದನ್ನು ನಿಲ್ಲಿಸಿ 2 ವಾರ ಕಾಯಬೇಕು. ಆ ಒಂದು ಬಾಟಲಿಯಿಂದ ಎಷ್ಟೆಲ್ಲ ಕಾಲ ಹಾಳಾಯಿತು ನೋಡಿ! ಸಾಮಾನ್ಯವಾಗಿ 3ರಿಂದ 6 ತಿಂಗಳ ಚಿಕಿತ್ಸೆ, ಹುಣ್ಣು ಮಾಯಿದ ಮೇಲೂ 2ರಿಂದ 4 ವಾರ ಬಿಡದೆ ನುಂಗಬೇಕು, ನಡುವೆ ಲಿವರ್ ಪರೀಕ್ಷೆ. ನನ್ನದು ಪೂರ್ತಿ ವಾಸಿಯಾಗಿದೆ, ಕಲೆ ಉಳಿದಿದೆ ಅಷ್ಟೇ.

ನಿಮ್ಮದೂ ಇದೇ ಅಂತ ನಾನು ಹೇಳೋಕಾಗಲ್ಲ. ಅಕ್ವೇರಿಯಂ ತೊಳೆಯುವವರಿಗೂ ಹೀಗೇ ಗಂಟು ಬರುತ್ತವೆ, ಅದು ಟಿಬಿ ಜಾತಿಯ ಬ್ಯಾಕ್ಟೀರಿಯಾ. ಹಳೆ ಸುಟ್ಟ ಕಲೆ ಮೇಲೆ ಎದ್ದ ಹುಣ್ಣು ಕ್ಯಾನ್ಸರ್ ಕೂಡ ಆಗಿರಬಹುದು. ಹಾಗಾಗಿ ಆಯಿಂಟ್‌ಮೆಂಟ್ ಹುಡುಕುವುದನ್ನು ಬಿಡಿ, ಮೆಡಿಕಲ್ ಶಾಪಿನ ಸ್ಟೀರಾಯ್ಡ್ ಬೆರೆತ ಕ್ರೀಮ್ ಅಂತೂ ಮುಟ್ಟಲೇಬೇಡಿ, ಫಂಗಸ್ ಇದ್ದರೆ ಅದು ಇನ್ನೂ ಹಬ್ಬುತ್ತದೆ. ಈ ವಾರವೇ ಚರ್ಮದ ಡಾಕ್ಟರ ಹತ್ತಿರ ಹೋಗಿ, ಏನು ಕೆಲಸ ಮಾಡ್ತೀರಿ ಅಂತ ಅವರು ಕೇಳದಿದ್ದರೂ ಹೇಳಿ. ಬಯಾಪ್ಸಿ ಅಂದರೆ "ಒಂದು ಚೂರು ಸಲೈನ್‌ನಲ್ಲಿ ಕಲ್ಚರ್‌ಗೆ ಕಳಿಸ್ತೀರಲ್ವಾ, ಫಂಗಸ್‌ಗೂ ಟಿಬಿಗೂ?" ಅಂತ ಕತ್ತರಿಸುವ ಮೊದಲೇ ಬಾಯಿಬಿಟ್ಟು ಕೇಳಿ.